ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಹೆಸರು ಕೇಳುವುದು ಯಾಕೆ? ಚೀಟಿಯಿಂದ ಡಿಸ್ಚಾರ್ಜ್‌ವರೆಗೆ ನೀವು ಉತ್ತರಿಸಬೇಕಾದ ರೀತಿ

"ಆಗ್ಲೇ ಹೇಳೀನಲ್ರೀ, ಎಷ್ಟ್ ಸಲ ಹೇಳ್ಬೇಕು?"

ಬೆಳಗಾವಿಯ ಯಾವುದೇ ದೊಡ್ಡ ದವಾಖಾನೆಯ ವಾರ್ಡಿನಲ್ಲಿ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಚೀಟಿ ಮಾಡಿಸುವಾಗ ಹೆಸರು ಹೇಳಿದ್ದಾಯಿತು. ಬಿಪಿ ನೋಡುವವರು ಕೇಳಿದರು, ಡಾಕ್ಟರ್ ಕೇಳಿದರು, ರಕ್ತ ತೆಗೆಯುವವರು ಕೇಳಿದರು. ಮಂಚದ ಮೇಲೆ ಮಲಗಿದ ಮೇಲೂ ಸಿಸ್ಟರ್ ಬಂದು "ಹೆಸರೇನ್ರೀ ಅಕ್ಕಾರ? ಏನಾಗೇತ್ರಿ?" ಎನ್ನುತ್ತಾರೆ. ನೋವಿನಲ್ಲಿ ಇರುವವರಿಗೆ ಸಿಟ್ಟು ಬರುವುದು ಸಹಜ. ಇವರ ಹತ್ರ ಕಂಪ್ಯೂಟರ್ ಇಲ್ವಾ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ವಾ ಅನಿಸುತ್ತದೆ.

ಓದುತ್ತಾರೆ. ಓದಿಕೊಂಡೇ ಕೇಳುತ್ತಾರೆ. ಕೈಯಲ್ಲಿರುವ ಕಾಗದ ಎದುರಿಗೆ ಮಲಗಿರುವ ಇದೇ ವ್ಯಕ್ತಿಯದ್ದಾ ಎಂದು ತಾಳೆ ನೋಡಬೇಕಲ್ವಾ? ಅದು ಕಾಗದ ನೋಡಿದರೆ ಗೊತ್ತಾಗುವುದಿಲ್ಲ, ನಿಮ್ಮ ಬಾಯಿಂದಲೇ ಬರಬೇಕು. ವಾರ್ಡಿನ ಕೆಲಸ ಹತ್ತಿರದಿಂದ ಬಲ್ಲವಳಾಗಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಆ ಪ್ರಶ್ನೆಗೆ ಪೇಷಂಟ್ ಕೊಡುವ ಉತ್ತರವೂ ಚಿಕಿತ್ಸೆಯೇ. ಅದನ್ನು ಸರಿಯಾಗಿ ಕೊಡುವುದು ಹೇಗೆ ಎಂದು ಮನೆಯಿಂದ ಹೊರಡುವ ಹೊತ್ತಿನಿಂದ ಡಿಸ್ಚಾರ್ಜ್‌ವರೆಗೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ನಮ್ಮ ಹೆಸರುಗಳ ಕಥೆ

ನಮ್ಮ ಕಡೆ ಮಕ್ಕಳಿಗೆ ದೇವರ ಹೆಸರು, ಅಜ್ಜ ಅಜ್ಜಿಯ ಹೆಸರು ಇಡುವುದು ರೂಢಿ. ಸವದತ್ತಿ ಯಲ್ಲಮ್ಮನ ಭಕ್ತರ ಮನೆಯಲ್ಲಿ ಯಲ್ಲಪ್ಪ, ಯಲ್ಲವ್ವ. ಕೂಡಲಸಂಗಮದ ಸುತ್ತ ಸಂಗಪ್ಪ, ಸಂಗಮೇಶ. ವಿಜಯಪುರದ ಕಡೆ ಸಿದ್ದಪ್ಪ, ಸಿದ್ದರಾಮ. ಬಸವರಾಜ, ಬಸಪ್ಪ, ಬಸವ್ವ ಅಂತೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಊರೂರಲ್ಲಿ. ಇದರ ಮುಂದೆ ಪಾಟೀಲ, ಹಿರೇಮಠ, ಬಡಿಗೇರ, ಪೂಜಾರಿ ಅಂತ ಅಡ್ಡಹೆಸರು ಸೇರಿಸಿದರೂ ಒಂದೇ ದಿನ ಒಂದೇ ಓಪಿಡಿಯಲ್ಲಿ ಇಬ್ಬರು ಬಸವರಾಜ ಪಾಟೀಲರು ಕುಳಿತಿರುವುದು ಅಪರೂಪವಲ್ಲ. "ಬಸವರಾಜ ಪಾಟೀಲ" ಎಂದು ಕೂಗಿದರೆ ಇಬ್ಬರೂ ಏಳುತ್ತಾರೆ. ಕಿವಿ ಮಂದವಿರುವ ಬಸಪ್ಪ ಅಜ್ಜನೂ ಏಳುತ್ತಾನೆ.

ಒಂದೇ ಹೆಂಗಸಿಗೆ ಮೂರು ಹೆಸರು ಇರುವುದೂ ಉಂಟು. ರೇಷನ್ ಕಾರ್ಡಿನಲ್ಲಿ ಶಾಂತವ್ವ, ಆಧಾರ್‌ನಲ್ಲಿ ಶಾಂತಾ, ಮರಾಠಿ ಮಾತಾಡುವ ಮನೆಯವರ ಬಾಯಲ್ಲಿ ಶಾಂತಾಬಾಯಿ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಸೊಸೆಯ ಹೆಸರನ್ನೇ ಬದಲಿಸುತ್ತಾರೆ. ತವರುಮನೆಯವರು ಕರೆತಂದರೆ ಒಂದು ಹೆಸರು ಬರೆಸುತ್ತಾರೆ, ಗಂಡನ ಮನೆಯವರು ಕರೆತಂದರೆ ಇನ್ನೊಂದು.

ಹುಟ್ಟಿದ ತಾರೀಖು ಹೇಳಿದರೆ ಮುಗೀತಲ್ವಾ ಅಂದರೆ, ಅದೂ ಅಷ್ಟು ಸುಲಭ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟ ಹಿರಿಯರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ಆಧಾರ್ ಮಾಡಿಸುವಾಗ ಬರೀ ವರ್ಷ ಹೇಳಿದವರದ್ದು ಜನವರಿ 1 ಆಗಿದೆ. ಹೆಸರೂ ಒಂದೇ, ಹುಟ್ಟಿದ ದಿನವೂ ಒಂದೇ ಆದರೆ ಏನು ಮಾಡುವುದು? ಅದಕ್ಕೇ ಆಸ್ಪತ್ರೆಯವರು ನಿಮಗೊಂದು ನೋಂದಣಿ ನಂಬರ್ ಕೊಡುವುದು. ಕನಿಷ್ಠ ಎರಡು ಗುರುತು ತಾಳೆಯಾಗದೆ ಮುಂದೆ ಹೋಗಬಾರದು ಎಂಬುದು ಇವತ್ತು ಜಗತ್ತಿನ ಎಲ್ಲ ಕಡೆ ಒಪ್ಪಿಕೊಂಡ ನಿಯಮ. ಮಂಚದ ನಂಬರ್ ಆ ಎರಡರಲ್ಲಿ ಒಂದಾಗುವಂತಿಲ್ಲ. ಯಾಕೆಂದರೆ ಪೇಷಂಟ್ ಮಂಚ ಬದಲಿಸುತ್ತಾರೆ. ಫ್ಯಾನಿನ ಕೆಳಗಿನ ಮಂಚ ಖಾಲಿಯಾದರೆ ತಾವೇ ಎದ್ದು ಅಲ್ಲಿ ಹೋಗಿ ಮಲಗುವವರಿದ್ದಾರೆ. ದಯವಿಟ್ಟು ಸಿಸ್ಟರ್‌ಗೆ ಹೇಳದೆ ಹೀಗೆ ಮಾಡಬೇಡಿ.

ಹಂತ 1: ಮನೆಯಲ್ಲೇ ಒಂದು ಕಾಗದ ಬರೆದಿಟ್ಟುಕೊಳ್ಳಿ

ಒಂದು ಹಾಳೆ ಸಾಕು. ಆಧಾರ್‌ನಲ್ಲಿ ಇರುವಂತೆಯೇ ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ತಾಲೂಕು, ಮೊಬೈಲ್ ನಂಬರ್. ಕೆಳಗೆ ಈಗ ತಗೊಳ್ಳುತ್ತಿರುವ ಗುಳಿಗೆಗಳು. ಅವುಗಳ ಹೆಸರು ಬರೆಯಲು ಬರದಿದ್ದರೆ ಗುಳಿಗೆಯ ಖಾಲಿ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ. "ಬಿಳೀ ಗುಳಿಗೆ, ಮುಂಜಾನೆ ಒಂದು" ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಿಂದೆ ಯಾವುದಾದರೂ ಔಷಧದಿಂದ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಮನೆಯಲ್ಲಾದರೆ ಒಡಪು ಹಾಕಿ ಹೇಳುತ್ತಾರೆ, ದವಾಖಾನೆಯಲ್ಲಿ ತಲೆ ತಗ್ಗಿಸಿ ಸುಮ್ನೆ ನಿಲ್ಲುತ್ತಾರೆ. ಒತ್ತಾಯ ಮಾಡಬೇಡಿ. ಕಾಗದ ತೋರಿಸಿದರೆ ಆಯಿತು. ಜೊತೆಗೆ ಬಂದವರು ಹೇಳುವುದಾದರೆ, ಹೆಸರು ಗೊತ್ತಿರುವವರೇ ಜೊತೆಗೆ ಬನ್ನಿ. ಪಕ್ಕದ ಮನೆಯ ಹುಡುಗ "ಅಜ್ಜಿ ಅಂತ ಕರೀತೀವ್ರಿ, ಹೆಸರು ಗೊತ್ತಿಲ್ಲ" ಎಂದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಹಂತ 2: ಚೀಟಿ ಮಾಡಿಸುವ ಕಿಟಕಿಯಲ್ಲಿ ಅವಸರ ಬೇಡ

ಹಿಂದೆ ಸಾಲು ಉದ್ದವಿರುತ್ತದೆ, ಯಾರೋ ತಳ್ಳುತ್ತಿರುತ್ತಾರೆ. ಆದರೂ ಚೀಟಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಊರು. ಇಲ್ಲಿ ತಪ್ಪಾದ ಒಂದು ಅಕ್ಷರ ಲ್ಯಾಬ್‌ಗೆ, ಎಕ್ಸ್‌ರೇಗೆ, ಔಷಧದ ಕೌಂಟರ್‌ಗೆ, ಬಿಲ್ಲಿಗೆ ನಿಮ್ಮ ಜೊತೆಗೇ ಬರುತ್ತದೆ. ಆಗ ತಿದ್ದಿಸುವುದು ದೊಡ್ಡ ತಲೆನೋವು, ಈಗ ಒಂದು ನಿಮಿಷದ ಮಾತು.

ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವವರು ಇನ್ನೂ ಜಾಗ್ರತೆ ವಹಿಸಬೇಕು. ನಮ್ಮ ರಾಜ್ಯದಲ್ಲಿ 2018ರಿಂದ ಇರುವ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಆಧಾರ್ ಮತ್ತು ರೇಷನ್ ಕಾರ್ಡಿನ ಹೆಸರು ತಾಳೆಯಾಗದಿದ್ದರೆ ಒಪ್ಪಿಗೆ ಸಿಗುವುದು ತಡವಾಗಬಹುದು.

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ತಂಗಿಯ ಕಾರ್ಡು ಇದೆ, ಅಕ್ಕನದ್ದಿಲ್ಲ ಎಂದು ತಂಗಿಯ ಹೆಸರಿನಲ್ಲಿ ಅಕ್ಕನನ್ನು ಅಡ್ಮಿಟ್ ಮಾಡಿಸುವವರಿದ್ದಾರೆ. ಬಡತನ ಹಾಗೆ ಮಾಡಿಸುತ್ತದೆ, ಅರ್ಥವಾಗುತ್ತದೆ. ಆದರೆ ಅಲ್ಲಿಂದ ಮುಂದೆ ಅಕ್ಕನ ರಕ್ತದ ಗುಂಪು, ಅಕ್ಕನ ಶುಗರ್, ಅಕ್ಕನಿಗೆ ಆಗದ ಔಷಧ ಎಲ್ಲವೂ ತಂಗಿಯ ಹೆಸರಿನಲ್ಲಿ ಕೂರುತ್ತವೆ. ಮುಂದೆ ತಂಗಿ ಹೆರಿಗೆಗೆ ಬಂದಾಗ ಆ ಹಳೇ ದಾಖಲೆ ತೆರೆದುಕೊಳ್ಳುತ್ತದೆ. ಕಾರ್ಡು ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. ಸರ್ಕಾರಿ ಆಸ್ಪತ್ರೆಯ ಸಹಾಯ ಕೌಂಟರ್‌ನಲ್ಲಿ ಬೇರೆ ದಾರಿ ಕೇಳಿ.

ಹಂತ 3: ಸುಮ್ನೆ "ಹೂಂ ರೀ" ಅನ್ನಬೇಡಿ

ಈ ಬರಹದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹೀಗೆ ಊಹಿಸಿಕೊಳ್ಳಿ. ಅಕ್ಕಪಕ್ಕದ ಮಂಚದಲ್ಲಿ ಇಬ್ಬರು ಯಲ್ಲವ್ವಂದಿರು. ಒಬ್ಬಾಕೆ ಹುಕ್ಕೇರಿಯವಳು, ಶುಗರ್ ಜಾಸ್ತಿ. ಇನ್ನೊಬ್ಬಾಕೆ ರಾಮದುರ್ಗದವಳು, ವಾಂತಿಭೇದಿಯಿಂದ ಸೊರಗಿ ಬಂದವಳು. ಮಧ್ಯಾಹ್ನ ಪಾಳಿ ಬದಲಾಗಿದೆ, ಹೊಸ ಸಿಸ್ಟರ್ ಇನ್ಸುಲಿನ್ ಹಿಡಿದು ಬಂದಿದ್ದಾರೆ. "ಯಲ್ಲವ್ವ ನೀವೇ ಅಲ್ವಾ?" ಎಂದು ಕೇಳಿದರೆ ಇಬ್ಬರಲ್ಲಿ ಯಾರಾದರೂ "ಹೂಂ ರೀ" ಎನ್ನುತ್ತಾರೆ. ಸುಳ್ಳೇನೂ ಹೇಳಿದಂತಲ್ಲ. ಆದರೆ ಊಟ ಸೇರದೆ ಮಲಗಿರುವ, ಶುಗರ್ ಇಲ್ಲದ ಹೆಂಗಸಿಗೆ ಇನ್ಸುಲಿನ್ ಹೋದರೆ ರಕ್ತದ ಸಕ್ಕರೆ ಸರಕ್ಕನೆ ಇಳಿಯುತ್ತದೆ. ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು, ಜೀವಕ್ಕೇ ಅಪಾಯ.

ಅದೇ ಸಿಸ್ಟರ್ "ಪೂರ್ತಿ ಹೆಸರು ಹೇಳ್ರಿ ಯವ್ವಾ, ಊರು ಯಾವುದು?" ಎಂದು ಕೇಳಿದರೆ ರಾಮದುರ್ಗ ಎಂಬ ಉತ್ತರ ಬರುತ್ತದೆ. ಕೈಯಲ್ಲಿರುವ ಕಾಗದದಲ್ಲಿ ಹುಕ್ಕೇರಿ ಇದೆ. ಸಿರಿಂಜ್ ಹಿಂದಕ್ಕೆ ಹೋಗುತ್ತದೆ.

ಹಾಗಾಗಿ ಒಳ್ಳೆಯ ತರಬೇತಿ ಇರುವವರು ನಿಮ್ಮ ಹೆಸರನ್ನು ತಾವು ಹೇಳುವುದಿಲ್ಲ, ನಿಮ್ಮ ಬಾಯಿಂದ ಹೇಳಿಸುತ್ತಾರೆ. "ಕಾಗದದಾಗ ಐತಲ್ರೀ, ನೋಡ್ಕೋರಿ" ಎನ್ನಬೇಡಿ. ಯಾರಾದರೂ ಅವಸರದಲ್ಲಿ "ನೀವು ಇಂಥವರು ಅಲ್ವಾ?" ಎಂದೇ ಕೇಳಿದರೂ ನಿಮ್ಮ ಉತ್ತರ ಪೂರ್ತಿ ಇರಲಿ: "ಯಲ್ಲವ್ವ, ಗಂಡ ಸಿದ್ದಪ್ಪ, ಊರು ರಾಮದುರ್ಗ. ವಾಂತಿಭೇದಿಗೆ ಬಂದೀನ್ರಿ." ಒಂದು ಉಸಿರಿನ ಮಾತು. ಪ್ರತಿ ಸಲವೂ ಅದೇ ಕ್ರಮದಲ್ಲಿ ಹೇಳಿ, ಆಗ ತಪ್ಪಿದ್ದರೆ ಕೇಳುವವರ ಕಿವಿಗೆ ಹೊಡೆಯುತ್ತದೆ.

ಕನ್ನಡ ಬಾರದ ಪೇಷಂಟ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೆಳಗಾವಿಗೆ ಚಂದಗಡದ ಕಡೆಯಿಂದ, ಗೋವೆಯಿಂದ ಬರುತ್ತಾರೆ. ವಿಜಯಪುರಕ್ಕೆ ಜತ್ತ, ಸೊಲ್ಲಾಪುರದ ಕಡೆಯಿಂದ ಬರುತ್ತಾರೆ. ಮಾತು ಅರ್ಥವಾಗದವರು ಏನು ಕೇಳಿದರೂ ತಲೆ ಆಡಿಸುತ್ತಾರೆ. ಮರಾಠಿ, ಉರ್ದು ಬಲ್ಲವರು ವಾರ್ಡಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಕರೆಯಲು ಹೇಳಿ.

ಹಂತ 4: "ಏನಾಗೇತಿ?" ಎಂಬ ಪ್ರಶ್ನೆಗೆ ಮೊದಲಿನಿಂದಲೇ ಹೇಳಿ

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ ಇವೆಲ್ಲ ವೈದ್ಯಕೀಯ ಕಾಲೇಜಿಗೆ ಸೇರಿದವು. ಇಂಥ ಕಡೆ ಮೊದಲು ಇಂಟರ್ನ್ ಬರುತ್ತಾರೆ, ಆಮೇಲೆ ಪಿ.ಜಿ. ಡಾಕ್ಟರ್, ಕೊನೆಗೆ ದೊಡ್ಡ ಡಾಕ್ಟರ್. ಮೂವರೂ ಕೇಳುತ್ತಾರೆ. ಕಲಿಯುವವರು ಇದ್ದಾರೆ ಎಂಬುದು ಅರ್ಧ ಕಾರಣ. ಇನ್ನರ್ಧ ಕಾರಣ ನಮ್ಮಲ್ಲೇ ಇದೆ. ನಾವು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ.

ಮೊದಲ ಸಲ "ಗ್ಯಾಸ್ ಆಗೇತ್ರಿ, ಎದಿ ಉರಿತೈತಿ" ಎನ್ನುತ್ತೇವೆ. ಎರಡನೇ ಸಲ "ಹೊಲದಾಗ ನಡೆಯುವಾಗ ಜಾಸ್ತಿ ಆಗ್ತೈತಿ" ಎಂದು ನೆನಪಾಗುತ್ತದೆ. ಮೂರನೇ ಸಲ, ಯಾರೋ ಕುಳಿತು ಸಮಾಧಾನದಿಂದ ಕೇಳಿದಾಗ, "ಎಡಗೈ ಜುಮ್ ಅಂತಿತ್ತು, ಬೆವರು ಬಂದಿತ್ತು" ಎಂಬ ಮಾತು ಹೊರಬೀಳುತ್ತದೆ. ಗ್ಯಾಸ್ ಎಂದು ಬರೆದಿದ್ದ ಚೀಟಿ ಅಲ್ಲಿಂದ ಇಸಿಜಿ ಕೋಣೆಗೆ ಓಡುತ್ತದೆ. ಮೊದಲನೆಯವರು ಬರೆದದ್ದನ್ನೇ ಮೂರನೆಯವರೂ ನಂಬಿಕೊಂಡಿದ್ದರೆ ಆ ಕೈ ಜುಮ್ ಅಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರತಿ ಸಲವೂ ನಾಲ್ಕು ವಿಷಯ ಹೇಳಿ: ಯಾವಾಗ ಶುರುವಾಯಿತು, ಎಲ್ಲಿ, ಏನು ಮಾಡಿದರೆ ಹೆಚ್ಚು ಅಥವಾ ಕಡಿಮೆ, ಇಲ್ಲಿಗೆ ಬರುವ ಮುನ್ನ ಏನೇನು ತಗೊಂಡಿರಿ. ತಾರೀಖು ನೆನಪಿಲ್ಲದಿದ್ದರೆ "ಅಮಾವಾಸ್ಯೆ ಹಿಂದಿನ ದಿನ" ಎಂದರೂ ಆದೀತು. ನಾಟಿ ಔಷಧ, ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಊರ ಡಾಕ್ಟರ್ ಕೊಟ್ಟ ಇಂಜೆಕ್ಷನ್, ಯಾವುದನ್ನೂ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆ ಇರುತ್ತದೆ. ಬೈದರೂ ಪರವಾಗಿಲ್ಲ, ಹೇಳಿಬಿಡಿ.

ಎರಡು ಸಂದರ್ಭಗಳಲ್ಲಿ ಸಮಯವೇ ಎಲ್ಲ. ಲಕ್ವಾ ಹೊಡೆದಾಗ "ಕೊನೆಯ ಸಲ ಇವರನ್ನು ಸರಿಯಾಗಿ ನೋಡಿದ್ದು ಯಾವಾಗ?" ಎಂದು ಪದೇ ಪದೇ ಕೇಳುತ್ತಾರೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೇ ಕೊಡಬೇಕು. ಮುಂಜಾನೆ ಎದ್ದಾಗ ಕೈ ಬಿದ್ದಿತ್ತು ಎಂದರೆ ಲೆಕ್ಕ ಶುರುವಾಗುವುದು ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ. ಇನ್ನೊಂದು, ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ದೇಹಕ್ಕೆ ಹೋದಾಗ. ಯಾವ ಎಣ್ಣೆ, ಎಷ್ಟು, ಎಷ್ಟು ಹೊತ್ತಿಗೆ ಎಂದು ಬಂದವರೆಲ್ಲ ಕೇಳುತ್ತಾರೆ, ಯಾಕೆಂದರೆ ಎಲ್ಲ ವಿಷಕ್ಕೂ ಒಂದೇ ಮದ್ದಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೇ ತನ್ನಿ.

ಹತ್ತು ಜನರ ಮುಂದೆ ಹೇಳಲಾಗದ ವಿಷಯವಿದ್ದರೆ "ಬದಿಗೆ ಕರೆದು ಕೇಳಿ" ಎಂದು ಕೇಳುವುದು ನಿಮ್ಮ ಹಕ್ಕು. ಮುಟ್ಟಿನ ವಿಷಯ, ಗರ್ಭದ ವಿಷಯವನ್ನು ಹೆಣ್ಣುಮಕ್ಕಳು ಅತ್ತೆ, ಮಾವನ ಮುಂದೆ ಬಾಯಿಬಿಡುವುದಿಲ್ಲ. ಎಕ್ಸ್‌ರೇ, ಸಿ.ಟಿ. ತೆಗೆಯುವ ಮುನ್ನ "ಕೊನೆಯ ಮುಟ್ಟು ಯಾವಾಗ?" ಎಂದು ಕೇಳುವುದು ಹೊಟ್ಟೆಯಲ್ಲಿ ಮಗುವಿದ್ದರೆ ಕಾಪಾಡಲಿಕ್ಕೆ. ಜೊತೆಗೆ ಬಂದವರು ಆ ಹೊತ್ತಿನಲ್ಲಿ ತಾವಾಗಿಯೇ ಹೊರಗೆ ನಡೆದರೆ ದೊಡ್ಡ ಉಪಕಾರ.

ಹಂತ 5: ಕೈಪಟ್ಟಿ, ರಕ್ತದ ಟ್ಯೂಬು, ಔಷಧ

ಅಡ್ಮಿಟ್ ಆದಾಗ ಕಟ್ಟುವ ಪಟ್ಟಿಯನ್ನು ತುರಿಸುತ್ತದೆ ಎಂದು ಹರಿಯಬೇಡಿ. ಎಚ್ಚರ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ. ಒದ್ದೆಯಾಗಿ ಅಕ್ಷರ ಅಳಿಸಿದ್ದರೆ ಬೇರೆ ಹಾಕಿಸಿಕೊಳ್ಳಿ.

ರಕ್ತ ತೆಗೆದ ಮೇಲೆ ಟ್ಯೂಬಿನ ಮೇಲೆ ಹೆಸರು ಬರೆಯುವುದು ಅಥವಾ ಲೇಬಲ್ ಅಂಟಿಸುವುದು ನಿಮ್ಮ ಮುಂದೆಯೇ ಆಗಬೇಕು. ಹೆಸರಿಲ್ಲದ ಟ್ಯೂಬು ಟ್ರೇಯಲ್ಲಿ ಹೋಗುವುದು ಕಂಡರೆ "ಹೆಸರು ಹಚ್ಚಿಲ್ಲ ನೋಡ್ರಿ" ಎನ್ನಿ. ಗುಳಿಗೆ ಅಥವಾ ಇಂಜೆಕ್ಷನ್ ತಂದಾಗ "ಇದು ಯಾತಕ್ಕೆ?" ಎಂದು ಒಂದು ಸಲ ಕೇಳಿ. ನಿನ್ನೆಯ ಗುಳಿಗೆಯ ಬಣ್ಣ ಇವತ್ತು ಬೇರೆ ಇದ್ದರೆ ಅದನ್ನೂ ಕೇಳಿ. ಕಂಪನಿ ಬದಲಾಗಿರಬಹುದು, ಡೋಸ್ ಬದಲಾಗಿರಬಹುದು, ಪೇಷಂಟೇ ಬದಲಾಗಿರಲೂಬಹುದು.

ಹಂತ 6: ರಕ್ತ ಏರಿಸುವಾಗ

ಇಲ್ಲಿ ಪ್ರಶ್ನೆಗಳು ಎಲ್ಲಕ್ಕಿಂತ ಜಾಸ್ತಿ. ಎ, ಬಿ, ಒ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಜಗತ್ತಿಗೆ ತಿಳಿಸಿದರು. ಅಂದಿನಿಂದ ಗುಂಪು ತಪ್ಪಿ ರಕ್ತ ಏರಿಸಿದರೆ ಅದು ಯಾಕೆ ಕೊಲ್ಲುತ್ತದೆ ಎಂಬುದು ಗೊತ್ತಿದೆ. ಎ ಗುಂಪಿನವರಿಗೆ ಬಿ ರಕ್ತ ಹೋದರೆ ಅವರ ಮೈ ಆ ಕಣಗಳನ್ನು ಒಡೆಯಲು ಶುರು ಮಾಡುತ್ತದೆ. ಇಡೀ ಬಾಟಲಿ ಹೋಗಬೇಕೆಂದಿಲ್ಲ, ಸ್ವಲ್ಪ ಹೋದರೂ ಸಾಕು. ಚಳಿ, ಜ್ವರ, ಸೊಂಟನೋವು, ಮೂತ್ರ ಕೆಂಪಾಗುವುದು, ಕಿಡ್ನಿ ಕೈಕೊಡುವುದು.

ಆ ಹೊತ್ತಿನಲ್ಲಿ ಮಂಚದ ಬಳಿ ಏನಾಗುತ್ತದೆ ಎಂದು ಗಮನಿಸಿ ನೋಡಿ. ಇಬ್ಬರು ನಿಲ್ಲುತ್ತಾರೆ. ಒಬ್ಬರ ಕೈಯಲ್ಲಿ ಚೀಲ, ಇನ್ನೊಬ್ಬರ ಕೈಯಲ್ಲಿ ಬ್ಲಡ್ ಬ್ಯಾಂಕಿನ ಕಾಗದ. ಚೀಲದ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕಾಗದದ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾರೆ. ಗುಂಪು, ಪಾಸಿಟಿವ್ ನೆಗೆಟಿವ್, ಮುಗಿಯುವ ತಾರೀಖು. ಆಮೇಲೆ ಕೈಪಟ್ಟಿ ತಿರುಗಿಸಿ ಓದುತ್ತಾರೆ. ಕೊನೆಗೆ ನಿಮ್ಮ ಕಡೆ ನೋಡಿ "ಹೆಸರು ಹೇಳ್ರಿ" ಎನ್ನುತ್ತಾರೆ. ಆಗಲೇ ಎಂಟು ಸಲ ಹೇಳಿರಬಹುದು. ಒಂಬತ್ತನೇ ಸಲವೂ ಪೂರ್ತಿ ಹೇಳಿ. ಮೊದಲ 15 ನಿಮಿಷ ಅವರು ಕಣ್ಣಿಟ್ಟು ನೋಡುತ್ತಾರೆ. ಚಳಿಯಾದರೆ, ಎದೆ ಬಿಗಿದರೆ, "ಏನೋ ಸರಿ ಇಲ್ಲ" ಅನಿಸಿದರೂ ಸಾಕು, ಕೂಗಿ ಕರೆಯಿರಿ.

ಹಂತ 7: ಆಪರೇಷನ್‌ಗೆ ಹೋಗುವಾಗ

ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಸುರಕ್ಷತೆಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿದೆ. ಅದರ ಮೊದಲ ಅಂಶವೇ ಇದು: ಪೇಷಂಟ್ ತಮ್ಮ ಗುರುತು, ಆಪರೇಷನ್ ಆಗುವ ಜಾಗ, ಯಾವ ಆಪರೇಷನ್, ಒಪ್ಪಿಗೆ ಇವನ್ನು ಖಚಿತಪಡಿಸಿದ್ದಾರಾ? ದೆಹಲಿಯೂ ಸೇರಿದಂತೆ 8 ನಗರಗಳ 8 ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ. 11ರಿಂದ 7ಕ್ಕೆ ಬಂದಿದ್ದವು. ಹೆಸರು ಕೇಳಿದ್ದರಿಂದ ಮಾತ್ರ ಇದಾಯಿತು ಎನ್ನಲಾಗದು, ಪಟ್ಟಿಯಲ್ಲಿ ಇನ್ನೂ ಹದಿನೆಂಟು ಅಂಶಗಳಿವೆ. ಆದರೂ ಎಲ್ಲರೂ ಒಂದು ಗಳಿಗೆ ನಿಂತು ಗಟ್ಟಿಯಾಗಿ ಕೇಳಿ ಹೇಳುವುದಕ್ಕೆ ಇಷ್ಟು ಬೆಲೆ ಇದೆ ಎಂಬುದು ನನಗೆ ಇವತ್ತಿಗೂ ದೊಡ್ಡ ವಿಷಯ.

ನೀವು ಮಾಡಬೇಕಾದ್ದು: ಎಡ, ಬಲ ಎಂದು ಬಾಯಲ್ಲಿ ಹೇಳುವುದರ ಜೊತೆಗೆ ಕೈಯಿಂದ ಮುಟ್ಟಿ ತೋರಿಸಿ. ಎದುರಿಗೆ ನಿಂತವರ ಬಲ ನಿಮ್ಮ ಎಡ. ಕಣ್ಣು, ಮೊಣಕಾಲು, ಕಿಡ್ನಿ, ಹರ್ನಿಯಾ ಇವೆಲ್ಲ ಎರಡೂ ಕಡೆ ಆಗುವಂಥವು. ಡಾಕ್ಟರ್ ಪೆನ್ನಿನಿಂದ ಗುರುತು ಮಾಡಿದ್ದು ಸ್ನಾನದಲ್ಲಿ ಅಳಿಸಿದ್ದರೆ ಹೇಳಿ, ನೀವೇ ಗೀಚಿಕೊಳ್ಳಬೇಡಿ. ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಆ ಕಾಗದದಲ್ಲಿ ಏನಿದೆ ಎಂದು ಕನ್ನಡದಲ್ಲಿ ಓದಿಸಿ.

"ಏನು ತಿಂದೀರಿ, ಯಾವಾಗ?" ಎಂದು ನಾಲ್ಕು ಸಲ ಕೇಳುತ್ತಾರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಅಪಾಯ. ಸಾಮಾನ್ಯವಾಗಿ ಹಗುರ ಊಟವಾಗಿ 6 ತಾಸು, ಬರೀ ನೀರು ಕುಡಿದು 2 ತಾಸು ಆಗಿರಬೇಕು. ನಿಮಗೆ ಡಾಕ್ಟರ್ ಬೇರೆ ಹೇಳಿದ್ದರೆ ಅದೇ ಲೆಕ್ಕ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ಕಪ್ ಚಹಾ ಕುಡಿದು "ಏನೂ ಇಲ್ರಿ" ಎನ್ನುವವರು ಬಹಳ. ಆಪರೇಷನ್ ನಾಳೆಗೆ ಹೋದರೆ ಹೋಗಲಿ, ನಿಜ ಹೇಳಿ.

ಹಂತ 8: ಹೆಸರು ಕೇಳುವುದೇ ಪರೀಕ್ಷೆಯಾದಾಗ

ತಲೆಗೆ ಪೆಟ್ಟಾದವರನ್ನು, ಅರಿವಳಿಕೆಯಿಂದ ಏಳುತ್ತಿರುವವರನ್ನು, ವಿಪರೀತ ಜ್ವರ ಇರುವ ವಯಸ್ಸಾದವರನ್ನು ರಾತ್ರಿಯೆಲ್ಲ ಎಬ್ಬಿಸಿ "ಹೆಸರೇನು? ಎಲ್ಲಿದ್ದೀರಿ? ಇವತ್ತು ಯಾವ ವಾರ?" ಎಂದು ಕೇಳುತ್ತಾರೆ. ಉತ್ತರ ಅವರಿಗೆ ಗೊತ್ತು. ಅವರು ನೋಡುತ್ತಿರುವುದು ನಿಮ್ಮ ಮಿದುಳನ್ನು. ಹತ್ತು ಗಂಟೆಗೆ ಸರಿಯಾಗಿ ಹೇಳಿದವರು ಹನ್ನೆರಡಕ್ಕೆ ತೊದಲಿದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು. ಇಂಥ ಹೊತ್ತಿನಲ್ಲಿ ಜೊತೆಗಿರುವವರು ಪಕ್ಕದಿಂದ ಉತ್ತರ ಹೇಳಿಕೊಡಬಾರದು. ಅಪ್ಪನ ಮೇಲಿನ ಪ್ರೀತಿಗೆ "ಇವತ್ತು ಸೋಮವಾರರೀ" ಎಂದು ಮಗ ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು.

ಹಂತ 9: ಮಾತು ಬಾರದವರ ಪರವಾಗಿ

ತೊಟ್ಟಿಲಿಗೆ ಹಾಕುವವರೆಗೆ ನಮ್ಮಲ್ಲಿ ಕೂಸಿಗೆ ಹೆಸರಿಲ್ಲ. ಆಸ್ಪತ್ರೆಯಲ್ಲಿ "ಇಂಥವರ ಮಗು" ಎಂದೇ ಬರೆಯುತ್ತಾರೆ. ತಾಯಿಗೂ ಕೂಸಿಗೂ ಒಂದೇ ಗುರುತಿನ ಪಟ್ಟಿ ಕಟ್ಟಿರುತ್ತಾರೆ. ಲಸಿಕೆಗೆ, ಸ್ನಾನಕ್ಕೆ, ಕೂಸುಗಳ ಐಸಿಯುಗೆ ಒಯ್ದು ಮರಳಿ ತಂದಾಗಲೆಲ್ಲ ಎರಡೂ ಪಟ್ಟಿಯನ್ನು ಹೊಂದಿಸಿ ನೋಡಿ. ಬಾಣಂತಿ ನಿದ್ದೆಯಲ್ಲಿದ್ದರೆ ಅಜ್ಜಿ ನೋಡಲಿ. ಪರಿಚಯವಿಲ್ಲದವರು ಕೂಸನ್ನು ಕೇಳಿದರೆ ಅವರ ಹೆಸರು, ಗುರುತಿನ ಚೀಟಿ ಕೇಳಿ.

ಮರೆವಿನ ಕಾಯಿಲೆ ಇರುವವರು, ಕಿವಿ ಕೇಳದವರು, ಮಾತು ಬಾರದವರು ಇದ್ದರೆ ಪಾಳಿ ಬದಲಾದಾಗಲೆಲ್ಲ ಹೊಸ ಸಿಸ್ಟರ್‌ಗೆ ನೀವೇ ಹೋಗಿ ಹೇಳಿ. ಜೊತೆಗಿರುವವರೂ ಬದಲಾಗುತ್ತೀರಿ. ರಾತ್ರಿ ಇದ್ದ ಅಳಿಯ ಮುಂಜಾನೆ ಬಂದ ಮಗಳಿಗೆ ಆ ಒಂದು ಹಾಳೆಯನ್ನು ಕೊಟ್ಟು ಹೋಗಲಿ.

ಹಂತ 10: ಯಾರೂ ಕೇಳದಿದ್ದರೆ ನೀವೇ ಹೇಳಿ, ಹೊರಡುವಾಗ ಕಾಗದ ನೋಡಿ

ಗದ್ದಲದ ದಿನಗಳಲ್ಲಿ ಕೇಳದೆಯೇ ಇಂಜೆಕ್ಷನ್ ಕೊಡಲು ಬರುವವರೂ ಇರುತ್ತಾರೆ. ಒಬ್ಬ ಸಿಸ್ಟರ್ ಮೇಲೆ ಎಷ್ಟೋ ಮಂಚಗಳ ಭಾರ ಇರುತ್ತದೆ, ನನಗೆ ಗೊತ್ತು. ಜಗಳ ಬೇಡ. ಕೈ ಚಾಚುವ ಮುನ್ನ "ಸಿಸ್ಟರ್, ನಾನು ಇಂಥವರು, ಇಂಥ ತ್ರಾಸಿಗೆ ಬಂದೀನ್ರಿ, ಇದು ನಂದೇ ಅಲ್ವಾ?" ಎಂದರೆ ಅವರು ಕಾಗದ ನೋಡಿಯೇ ನೋಡುತ್ತಾರೆ.

ಡಿಸ್ಚಾರ್ಜ್ ದಿನ ಮನೆಗೆ ಹೋಗುವ ಅವಸರ. ಆದರೂ ಸಾರಾಂಶದ ಕಾಗದದಲ್ಲಿ ಹೆಸರು, ವಯಸ್ಸು, ಯಾವ ಕಡೆಯ ಆಪರೇಷನ್, ರಕ್ತದ ಗುಂಪು ಸರಿ ಇವೆಯಾ ನೋಡಿ. ಎಕ್ಸ್‌ರೇ ಫಿಲ್ಮ್, ಲ್ಯಾಬ್ ರಿಪೋರ್ಟ್, ಔಷಧದ ಚೀಲ ಒಂದೊಂದರ ಮೇಲೂ ನಿಮ್ಮದೇ ಹೆಸರು ಇರಬೇಕು. ಅಡ್ಮಿಟ್ ಆದವರ ದಾಖಲೆಯನ್ನು ಕನಿಷ್ಠ 3 ವರ್ಷ ಇಡಬೇಕು, ಕೇಳಿದರೆ 72 ತಾಸಿನೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿದೆ. ಬೇಕಿದ್ದರೆ ಲಿಖಿತವಾಗಿ ಕೇಳಿ.

ಚೀಟಿಯ ಮೇಲಿನ ನೋಂದಣಿ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಆಸ್ಪತ್ರೆಗೆ ಬಂದಾಗ ಹೊಸ ಚೀಟಿ ಮಾಡಿಸಬೇಡಿ, ಅದೇ ಹಳೇ ನಂಬರ್ ಹೇಳಿ. ಎರಡು ನಂಬರ್ ಆದರೆ ಹಿಂದಿನ ಆಪರೇಷನ್, ಆಗದ ಔಷಧ ಎಲ್ಲ ಹಳೇ ನಂಬರಿನಲ್ಲೇ ಉಳಿಯುತ್ತವೆ, ಹೊಸ ಡಾಕ್ಟರ್ ಎದುರಿಗೆ ಖಾಲಿ ಪುಟ ತೆರೆದುಕೊಳ್ಳುತ್ತದೆ.